ಕಳೆದ ಏಳು ದಿನಗಳಲ್ಲಿ

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಒಂದೇ. ಕಂಡವರ ಮನೆ ಬಾಗಿಲು ತಟ್ಟುವುದು, ಪ್ರಶ್ನೆ ಕೇಳುವುದು, ಫಾರಂ ತುಂಬುವುದು. ಕೇಂದ್ರ ಸರ್ಕಾರದ ಸಮೀಕ್ಷೆಯವಳು ನಾನು. ಕಳೆದ ಏಳು ದಿನಗಳಲ್ಲಿ ಎಷ್ಟು ಹಾಲು ಕೊಂಡಿರಿ? ಕಳೆದ ಏಳು ದಿನಗಳಲ್ಲಿ ಎಷ್ಟು ಗಂಟೆ ದುಡಿದಿರಿ? ಅದಕ್ಕಿಂತ ಹಿಂದಿನದು ಜನಕ್ಕೆ ಸರಿಯಾಗಿ ನೆನಪಿರುವುದಿಲ್ಲ ಎಂದು ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಆ ಮಾತು ನನ್ನ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಮಗಳನ್ನು ಬೈಯುವಾಗಲೂ "ಕಳೆದ ಏಳು ದಿನಗಳಲ್ಲಿ ಒಂದು ದಿನವಾದರೂ ಹಾಸಿಗೆ ಮಡಚಿದೀಯಾ?" ಎಂದೇ ಕೇಳುತ್ತಿದ್ದೆ. ಆ ಪ್ರಶ್ನೆಯಿಂದಲೇ ಎರಡು ಸಾವಿರದ ಐದರ ಬೇಸಿಗೆಯಲ್ಲಿ ಒಬ್ಬ ಬಡವನ ಅನ್ನ ಕಿತ್ತುಕೊಂಡೆ. ಇದನ್ನು ಬರೆಯಲು ಇದು ನಾಲ್ಕನೇ ಸಲ ಕೂತಿದ್ದೇನೆ. ಕೂತಾಗಲೆಲ್ಲ ಎದ್ದು ಬಾಲ್ಕನಿಗೆ ಹೋಗಿ ಗೇಟಿನ ಕಡೆ ನೋಡುವಂತಾಗುತ್ತದೆ.

ದೆಹಲಿಯ ಮಯೂರ್ ವಿಹಾರಿನ ನಮ್ಮ ಸೊಸೈಟಿಯಲ್ಲಿ ಅರ್ಧಕ್ಕರ್ಧ ಕನ್ನಡದವರು. ಎಪ್ಪತ್ತರ ದಶಕದಲ್ಲಿ ಕೇಂದ್ರ ಸಚಿವಾಲಯಕ್ಕೆ ಬಂದ ಗುಮಾಸ್ತರು, ಸೆಕ್ಷನ್ ಆಫೀಸರುಗಳು ಒಟ್ಟುಗೂಡಿ ಕಟ್ಟಿಸಿದ್ದು. ಗೇಟಿನ ಹೊರಗೆ, ಬೇವಿನ ಮರದಡಿ, ಬಿಸೇಸರ್ ಎಂಬ ಬಿಹಾರದವನು ಹನ್ನೊಂದು ವರ್ಷದಿಂದ ಪಾನಿಪುರಿ, ಇಲ್ಲಿಯ ಮಾತಿನಲ್ಲಿ ಗೋಲ್‌ಗಪ್ಪಾ ಮಾರುತ್ತಿದ್ದ. ನಮ್ಮ ಮಕ್ಕಳೆಲ್ಲ ಅವನ ಗಾಡಿಯ ಸುತ್ತಲೇ ಬೆಳೆದವರು.

ಮೇ ಹದಿನಾಲ್ಕರಂದು ಮೊದಲು ಮಲಗಿದವನು ವರುಣ್. ನಮ್ಮ ಸೊಸೈಟಿಯ ಸೆಕ್ರೆಟರಿ ವೆಂಕಟಸುಬ್ಬಯ್ಯನವರ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ. ಜಾಂಡೀಸ್. ಆಮೇಲೆ ಒಬ್ಬರಾದ ಮೇಲೆ ಒಬ್ಬರು. ಹದಿನೆಂಟರ ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದ ನನ್ನ ಬಳಿ ಮಗಳು ಸಿಂಧೂರ ಬಂದು, "ಅಮ್ಮಾ, ಮುಝೇ ಕುಛ್ ನಹೀ ಖಾನಾ, ವಾಂತಿ ಬರ್ತಾ ಇದೆ," ಎಂದಳು. ಬಿಸಿಲಿನಲ್ಲಿ ಅವಳ ಕಣ್ಣು ನೋಡಿದೆ. ಬಿಳಿ ಇರಬೇಕಾದಲ್ಲಿ ಅರಿಶಿನ. ಹದಿನೈದು ವರ್ಷದ ಹುಡುಗಿ, ಒಂದೇ ವಾರದಲ್ಲಿ ಬತ್ತಿಹೋದಳು. ಇಪ್ಪತ್ತನಾಲ್ಕರ ಹೊತ್ತಿಗೆ ಹನ್ನೆರಡು ಜನ. ವರುಣನನ್ನು ಆಸ್ಪತ್ರೆಗೆ ಸೇರಿಸಿದರು.

ವೆಂಕಟಸುಬ್ಬಯ್ಯನವರು ನಿವೃತ್ತ ಅಂಡರ್ ಸೆಕ್ರೆಟರಿ. ಮನೆಯಲ್ಲಿ ಹಾಲು ಒಡೆದರೂ ಫೈಲು ತೆರೆಯುವ ಪೈಕಿ. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದರು.

"ಅಹಲ್ಯಾ ಅವರೇ, ಆ ಗೋಲ್‌ಗಪ್ಪಾದವನದೇ ಕೆಲಸ ಇದು. ಆದರೆ ಸುಮ್ಮನೆ ಓಡಿಸೋಕಾಗಲ್ಲ, ಪುರಾವೆ ಬೇಕು. ನೀವು ಸರ್ವೇಯವರು. ಯಾರ್ಯಾರು ಏನು ತಿಂದ್ರು ಅಂತ ಒಂದು ಟೇಬಲ್ ಮಾಡಿಕೊಡಿ."

ಅವರಿಗಿಂತ ಹೆಚ್ಚು ಕೋಪ ನನಗಿತ್ತು. ಒಳಗೆ ಮಗಳು ನರಳುತ್ತಿದ್ದಳು. ಎರಡೇ ಸಂಜೆಯಲ್ಲಿ ಹನ್ನೆರಡು ಮನೆ ಮುಗಿಸಿದೆ. ಕಾಯಿಲೆ ಬೀಳುವ ಮುಂಚಿನ ಏಳು ದಿನಗಳಲ್ಲಿ ಹೊರಗೆ ಏನು ತಿಂದಿರಿ? ಬಿಸೇಸರನ ಗೋಲ್‌ಗಪ್ಪಾ ತಿಂದವರು ಹನ್ನೊಂದು. ಹನ್ನೆರಡನೆಯವರಿಗೆ ನೆನಪಿರಲಿಲ್ಲ. "ತಿಂದಿರಬಹುದು" ಎಂದು ಬರೆದುಕೊಂಡೆ. ಭಾನುವಾರದ ಸಭೆಯಲ್ಲಿ ವೆಂಕಟಸುಬ್ಬಯ್ಯನವರು ಅದನ್ನು ಹನ್ನೆರಡಕ್ಕೆ ಹನ್ನೆರಡು ಎಂದು ಓದಿದರು. ನಾನು ತಿದ್ದಲಿಲ್ಲ. ಕೆಳಗೆ ಸಹಿ ಮಾಡಿ ಎಂದರು. ಮಾಡಿದೆ, ಹುದ್ದೆಯ ಸಮೇತ.

ಅರ್ಧ ಗಂಟೆಯೂ ಆಗಲಿಲ್ಲ, ಕಾವಲಿನವರು ಗಾಡಿಯನ್ನು ಎಳೆದಾಡಿದರು. ಹುಳಿನೀರಿನ ಮಡಕೆ ಬಿದ್ದು ಒಡೆಯಿತು. ಪುದೀನಾ ನೀರು ರಸ್ತೆಯ ಮೇಲೆ ಹರಿಯಿತು. ಬಿಸೇಸರ್ ಜಗಳವಾಡಲಿಲ್ಲ. ಕಾವಲಿನವನೊಬ್ಬ ಅವನ ಗಲ್ಲ ಹಿಡಿದು ಮುಖವನ್ನು ನಿಂತಿದ್ದ ಸ್ಕೂಟರಿನ ಕನ್ನಡಿಗೆ ತಿರುಗಿಸಿ ಏನೋ ಹೇಳಿದ. ಆಮೇಲೆ ಬಿಸೇಸರ್ ಖಾಲಿ ಗಾಡಿ ತಳ್ಳಿಕೊಂಡು ಹೋದ. ನಾನು ಬಾಲ್ಕನಿಯಿಂದ ಎಲ್ಲ ನೋಡಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಒಂದು ವಾರ ಬಿಟ್ಟು ಸಿಂಧೂರಳನ್ನು ಮತ್ತೆ ತೋರಿಸಲು ಹೋದೆವು. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಗಗನಾ ದಾವಣಗೆರೆಯ ಹುಡುಗಿ, ಕನ್ನಡ ಕೇಳಿದರೆ ಐದು ನಿಮಿಷ ಹೆಚ್ಚು ಕೊಡುತ್ತಾಳೆ. ರಿಪೋರ್ಟು ನೋಡಿ, "ಹೆಪಟೈಟಿಸ್ ಇ. ನೀರಿನಿಂದ ಬರೋದು, ಕೈಯಿಂದ ಕೈಗೆ ಹರಡೋದು ತೀರಾ ಕಡಿಮೆ. ಇಷ್ಟು ದಿನ ಆಯ್ತಲ್ಲ, ಇನ್ನು ಎಲ್ಲರ ಜೊತೆ ಕೂತು ಊಟ ಮಾಡ್ಲಿ," ಎಂದಳು.

ನಾನು ಹೆಮ್ಮೆಯಿಂದ ನನ್ನ ಟೇಬಲ್ಲಿನ ಕಥೆ ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

"ಆಂಟಿ, ಮೊದಲನೇ ಕೇಸು ಯಾವತ್ತು? ಕೊನೇದು ಯಾವತ್ತು?"

"ಮೇ ಹದಿನಾಲ್ಕು. ಮೇ ಇಪ್ಪತ್ತನಾಲ್ಕು."

"ಅಂದ್ರೆ ಹತ್ತೇ ದಿನದಲ್ಲಿ ಎಲ್ರೂ. ಅವನು ಹನ್ನೊಂದು ವರ್ಷದಿಂದ ಅಲ್ಲೇ ನಿಂತಿದ್ದ ಅಂತೀರಿ. ಅವನ ನೀರಿಂದ ಬಂದಿದ್ರೆ ಆಗೊಬ್ರು ಈಗೊಬ್ರು ಅಂತ ಬರ್ತಾನೇ ಇರ್ಬೇಕಿತ್ತು. ಇದು ಯಾವುದೋ ಒಂದು ದಿನ ಎಲ್ರೂ ಒಟ್ಟಿಗೆ ಕುಡಿದಿದ್ದು. ಅದೂ ಮೇನಲ್ಲಿ ಅಲ್ಲ. ಈ ವೈರಸ್ಸು ಹೊಟ್ಟೆಗೆ ಹೋಗಿ ಕಣ್ಣು ಹಳದಿ ಆಗೋಕೆ ತಿಂಗಳು, ಒಂದೂವರೆ ತಿಂಗಳು ಬೇಕು. ನೀವು ಯಾವಾಗಿಂದು ಕೇಳಿದ್ರಿ?"

"ಕಳೆದ ಏಳು ದಿನಗಳದ್ದು," ಎಂದೆ.

"ಕಾಯಿಲೆ ಬರದೇ ಇರೋರನ್ನ ಕೇಳಿದ್ರಾ? ಅವರೂ ಗೋಲ್‌ಗಪ್ಪಾ ತಿಂದಿದ್ರೆ?"

"ಇಲ್ಲ," ಎಂದೆ. ನನ್ನ ಕೈಕೆಳಗಿನ ಹುಡುಗರು ಹೀಗೆ ಫಾರಂ ತುಂಬಿ ತಂದಿದ್ದರೆ ಅವರ ಮುಖಕ್ಕೇ ಎಸೆಯುತ್ತಿದ್ದೆ. ಬೇಕಾದ ಉತ್ತರ ಮೊದಲೇ ಇಟ್ಟುಕೊಂಡು ಅದಕ್ಕೆ ತಕ್ಕ ಪ್ರಶ್ನೆ ಕೇಳಿ ಬಂದಿದ್ದೆ ನಾನು.

ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಹೊಸ ಫಾರಂ ತಲೆಯಲ್ಲಿ ತಯಾರಾಗಿತ್ತು. ಕಾಯಿಲೆ ಬಿದ್ದ ಹನ್ನೆರಡೂ ಜನ ಕನ್ನಡದವರೇ ಆಗಿದ್ದರಿಂದ ಈ ಸಲ ಎಲ್ಲ ಕನ್ನಡದ ಮನೆಗಳು, ಕಾಯಿಲೆಯವರು, ಗಟ್ಟಿಮುಟ್ಟಾದವರು, ಎಲ್ಲರೂ. ಏಪ್ರಿಲ್ ಮಧ್ಯದಲ್ಲಿ ಏನು ಕುಡಿದಿರಿ ಎಂದು ಕೇಳಿದರೆ ಜನ ನನ್ನನ್ನೇ ಪಿಳಿಪಿಳಿ ನೋಡಿದರು. ಎರಡನೇ ಮನೆಯಲ್ಲಿ ಉಪಾಯ ಹೊಳೆಯಿತು. ದಿನಾಂಕ ಬಿಟ್ಟು ಹಬ್ಬ ಹಿಡಿದೆ. ಯುಗಾದಿ ಆದಮೇಲೆ ಏನೇನಾಯಿತು ಹೇಳಿ ಎಂದೆ. ಮದುವೆ, ನಾಮಕರಣ, ನೆಂಟರು ಎಲ್ಲ ಹೊರಬಂತು. ಮತ್ತು ಪ್ರತಿ ಮನೆಯಲ್ಲೂ, ತಪ್ಪದೆ, ಏಪ್ರಿಲ್ ಹದಿನೆಂಟರ ರಾಮನವಮಿ. ಸಂಜೆ ಸೊಸೈಟಿಯ ಹಾಲ್‌ನಲ್ಲಿ ಪಾನಕ, ಕೋಸಂಬರಿ.

ಪಾನಕ ಮಾಡಿದವಳು ನಾನು.

ಹನ್ನೆರಡು ಜನರೂ ಕುಡಿದಿದ್ದರು. ಆದರೆ ಕಾಯಿಲೆ ಬರದವರೂ ಕುಡಿದಿದ್ದರು. ಅಲ್ಲಿಗೆ ಪಾನಕದ ತಪ್ಪಿಲ್ಲ ಎಂದು ಉಸಿರು ಬಿಟ್ಟೆ. ಆ ಸಮಾಧಾನ ಶಾರದಕ್ಕನ ಮನೆವರೆಗೆ ಉಳಿಯಿತು. ಮೂರನೇ ಮಹಡಿಯ ಶಾರದಕ್ಕನಿಗೆ ಸಕ್ಕರೆ ಕಾಯಿಲೆ. ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ನಮ್ಮವರಿಗೆ ಹೇಳ್ಬೇಡ ಮಾರಾಯ್ತಿ. ವಾರಕ್ಕೆ ನಾಲ್ಕು ಸಲ ಗೋಲ್‌ಗಪ್ಪಾ ತಿಂತಿದ್ದೆ. ನನಗೇನೂ ಆಗ್ಲಿಲ್ಲ ನೋಡು. ಪಾನಕ ಮುಟ್ಟಲಿಲ್ಲ, ಬೆಲ್ಲ ಅಲ್ವಾ. ನಮ್ಮವರು ಕುಡಿದ್ರು, ಆದ್ರೆ ಗಂಟಲು ಕೆರೆತ ಅಂತ ಹಿತ್ತಾಳೆ ಕೊಳಗದ್ದು. ಐಸ್ ಹಾಕದೇ ಇಟ್ಟಿದ್ಯಲ್ಲ, ಅದು."

ಎರಡು ಪಾತ್ರೆ ಇದ್ದುದು ನನಗೆ ಮರೆತೇ ಹೋಗಿತ್ತು.

ಮತ್ತೆ ಎಲ್ಲ ಬಾಗಿಲೂ ತಟ್ಟಿದೆ. ಅಡುಗೆಮನೆಯ ಟೇಬಲ್ಲಿನ ಮೇಲೆ ಹಾಳೆ ಹರಡಿಕೊಂಡು ಕೂಡಿಸಿದೆ. ಐಸ್ ಹಾಕಿದ ಸ್ಟೀಲ್ ಪಾತ್ರೆಯಿಂದ ಕುಡಿದವರು ಅರವತ್ತನಾಲ್ಕು. ಹನ್ನೆರಡು ಜನಕ್ಕೆ ಜಾಂಡೀಸ್. ಹಿತ್ತಾಳೆ ಕೊಳಗದ್ದು ಮಾತ್ರ ಕುಡಿದವರು ಮೂವತ್ತೊಂದು, ಒಬ್ಬರಿಗೂ ಇಲ್ಲ. ಪಾನಕ ಮುಟ್ಟದೆ ಗೋಲ್‌ಗಪ್ಪಾ ತಿಂದವರು ಹತ್ತೊಂಬತ್ತು, ಒಬ್ಬರಿಗೂ ಇಲ್ಲ. ಎದ್ದೆ, ನೀರು ಕುಡಿದೆ, ಕೂತೆ, ಇನ್ನೊಮ್ಮೆ ಕೂಡಿಸಿದೆ. ಅಷ್ಟೇ ಬಂತು.

ಆ ದಿನ ನೆನಪಾಯಿತು. ದೆಹಲಿ ನೀರು ನಂಬಬಾರದೆಂದು ಬೆಳಿಗ್ಗೆಯಿಂದ ಐದು ಸಲ ನೀರು ಕುದಿಸಿದ್ದೆ. ಎಲ್ಲರಿಗೂ ಹೇಳಿಕೊಂಡಿದ್ದೆ ಕೂಡ. ಆ ಸೆಖೆಯಲ್ಲಿ ಸಂಜೆಯಾದರೂ ನೀರು ಆರಲಿಲ್ಲ. ಬಿಸಿ ಪಾನಕ ಯಾರು ಕುಡಿಯುತ್ತಾರೆ? ರಿಕ್ಷಾದಲ್ಲಿ ಹೋಗಿ ಗೋಣಿಯಲ್ಲಿ ಸುತ್ತಿದ ಎರಡು ದಪ್ಪ ಐಸ್‌ಗಡ್ಡೆ ತಂದು, ಒಡೆದು, ಜತನದಿಂದ ಕುದಿಸಿದ ಆ ನೀರಿಗೆ ನನ್ನ ಕೈಯಾರೆ ಹಾಕಿದ್ದೆ.

ಮಾರನೇ ದಿನ ಆಫೀಸಿಗೆ ರಜೆ ಹಾಕಿ ಐಸ್ ಅಂಗಡಿಗೆ ಹೋದೆ. ಯಾವ ನೀರಿನಿಂದ ಮಾಡುತ್ತೀರಿ ಎಂದೆ. ಅಂಗಡಿಯವನು ಗರಗಸ ನಿಲ್ಲಿಸಿ ನನ್ನ ಮುಖ ನೋಡಿದ.

"ಬೋರಿಂದು ಬೆಹನ್‌ಜೀ. ಇದು ಮೀನಿಗೆ, ಬಾಟಲಿ ತಣ್ಣಗಿಡೋಕೆ. ಒಳಗೆ ಹಾಕಿ ಕುಡಿಯೋಕಲ್ಲ. ಅಷ್ಟು ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಈ ಊರಿಗೆ ಬಂದು ಆಗಲೇ ಇಪ್ಪತ್ತು ವರ್ಷವಾಗಿತ್ತು.

ನನ್ನ ಗಂಡ ಕೃಷ್ಣಮೂರ್ತಿ ಓಖ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮ್ಯಾನೇಜರ್. ಟೇಬಲ್ ನೋಡಿದರು, ಮಡಚಿದರು, ನನ್ನ ಕೈಗಿಟ್ಟರು. "ಯಾರೂ ಕೇಳದೆ ಇರೋ ಪ್ರಶ್ನೆಗೆ ನೀನ್ಯಾಕೆ ಉತ್ತರ ಕೊಡ್ತೀಯ? ಮಕ್ಕಳು ಹುಷಾರಾದ್ರು. ಮುಗೀತು."

ನನಗೂ ಹಾಗೇ ಅನ್ನಿಸಿತ್ತು. ಮೂರು ದಿನ ಹಾಳೆಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಆಫೀಸಿನಿಂದ ಬರುವಾಗ ಗೇಟಿನ ಬಳಿ ಬೇವಿನ ಮರದಡಿಯ ಖಾಲಿ ಜಾಗ ನೋಡಬಾರದೆಂದು ಹಿಂದಿನ ಗೇಟಿನಿಂದ ಬರತೊಡಗಿದೆ. ಸುಳ್ಳಿಗೆ ಸಹಿ ಹಾಕಿದ್ದೆ. ಆ ಹಾಳೆ ಇನ್ನೂ ನೋಟಿಸ್ ಬೋರ್ಡಿನ ಮೇಲೆ, ನನ್ನ ಹುದ್ದೆಯ ಸಮೇತ ಇತ್ತು.

ಜೂನ್ ಹನ್ನೆರಡರ ಭಾನುವಾರ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಐಸ್, ಪಾತ್ರೆ, ಅರವತ್ತನಾಲ್ಕು, ಮೂವತ್ತೊಂದು, ಹತ್ತೊಂಬತ್ತು. ಗಡ್ಡೆ ತಂದವಳು ನಾನೇ ಎಂದೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ರಾಮನವಮಿ ಪ್ರಸಾದದಿಂದ ಕಾಯಿಲೆ ಬರುತ್ತೇನ್ರೀ?" ಎಂದರು. ಎಲ್ಲರೂ ಒಟ್ಟಿಗೆ ಬಾಯಿ ತೆರೆದರು.

ವೆಂಕಟಸುಬ್ಬಯ್ಯನವರು ಕೈ ಎತ್ತಿ ಸುಮ್ಮನಾಗಿಸಿದರು. "ನೋಡೀಮ್ಮ, ನೀವು ಬೇಜಾರಲ್ಲಿದ್ದೀರಿ. ನಾನು ಪುರಾವೆ ಮಾತೇ ಆಡ್ತೀನಿ. ಅವನನ್ನ ಓಡಿಸಿದ ಮೇಲೆ ಒಂದಾದರೂ ಕೇಸು ಬಂತಾ?"

"ಓಡಿಸೋ ಐದು ದಿನ ಮುಂಚೇನೇ ನಿಂತಿತ್ತು ಸರ್. ಒಂದು ದಿನ ಕುಡಿದಿದ್ದು, ಅದರಷ್ಟಕ್ಕೆ ಅದು ಮುಗೀತು."

"ಸರಿ. ಇದಕ್ಕೆ ಹೇಳಿ ಹಾಗಾದ್ರೆ. ಓಡಿಸಿದ ದಿನ ಅವನ ಕಣ್ಣೇ ಹಳದಿ ಇತ್ತು. ಕಾವಲಿನವರು ನೋಡಿದಾರೆ, ಕರೆಸಲಾ? ಅವನು ನಮ್ಮ ಹಾಲ್ ಒಳಗೆ ಬಂದು ಪಾನಕ ಕುಡಿದಿದ್ನಾ? ಇಲ್ಲ. ಮತ್ತೆ ಅವನಿಗೆ ಎಲ್ಲಿಂದ ಬಂತು? ಅವನಿಂದಲೇ ನಮ್ಮ ಹುಡುಗರಿಗೆ ಬಂದಿದ್ದು."

ಸ್ಕೂಟರಿನ ಕನ್ನಡಿ ನೆನಪಾಯಿತು. ನನ್ನ ಟೇಬಲ್ಲಿನಲ್ಲಿ ಅವನ ಸಾಲೇ ಇರಲಿಲ್ಲ. ಅವನು ಪಾನಕ ಕುಡಿಯದೆ ಹಳದಿಯಾಗಿದ್ದರೆ ನನ್ನ ಲೆಕ್ಕವೆಲ್ಲ ಬುಡಮೇಲು. ಮತ್ತು ಇದನ್ನು ಹೇಳಲೇಬೇಕು: ನನಗೆ ಖುಷಿಯಾಯಿತು. ತಪ್ಪು ನನ್ನದಲ್ಲದೆ ಇರಬಹುದು. ಸಭೆ ಮುಗಿಯುವುದಕ್ಕೂ ಕಾಯದೆ ಫಾರಂ, ಪೆನ್ನು ತೆಗೆದುಕೊಂಡು ಹೊರಟೆ. ಅವನ ಮನೆ ಎಲ್ಲಿ ಎಂದು ಕಾವಲಿನವನೇ ಹೇಳಿದ. ತ್ರಿಲೋಕಪುರಿ, ಪಡಿತರ ಅಂಗಡಿಯ ಹಿಂದಿನ ಗಲ್ಲಿ.

ಒಂದೇ ಕೋಣೆ. ಬಾಗಿಲಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು, ಪಕ್ಕದಲ್ಲಿ ನಾಲ್ಕು ವರ್ಷದ ಮಗಳು. ಬಿಸೇಸರ್ ಒಳಗೆ, ಗೋಡೆಯ ಮೂಲೆಯಲ್ಲಿ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ಬೇರೆಯಾಗಿ ಇಟ್ಟ ಒಂದು ತಟ್ಟೆ, ಒಂದು ಲೋಟ. ನನ್ನನ್ನು ಕಂಡು ಎದ್ದ, ಆದರೆ ಹತ್ತಿರ ಬರಲಿಲ್ಲ. ಕೈ ಹಿಂದೆ ಕಟ್ಟಿಕೊಂಡ.

"ಮಾಫ್ ಕರ್ ದೋ ಮೇಡಂಜೀ," ಎಂದ. "ಸಿಂಧೂ ಬಿಟಿಯಾ ಹುಷಾರಾದ್ಲಾ? ವರುಣ್ ಭಯ್ಯಾ? ನನಗೆ ಗೊತ್ತೇ ಇರಲಿಲ್ಲ. ಬಿಸಿಲಿಗೆ ಸುಸ್ತು ಅಂದ್ಕೊಂಡಿದ್ದೆ. ಕನ್ನಡಿ ತೋರಿಸಿದಾಗಲೇ ಗೊತ್ತಾಗಿದ್ದು. ನನ್ನ ಈ ಕೈಯಿಂದಲೇ ಎಲ್ಲ ಮಕ್ಕಳಿಗೂ ತಿನ್ನಿಸಿಬಿಟ್ಟೆ."

ಅವನು ನಂಬಿದ್ದ. ಸೊಸೈಟಿಯವರು ಹೇಳಿದ್ದನ್ನು, ನಾನು ಸಹಿ ಮಾಡಿದ್ದನ್ನು, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಅವನೇ ನಂಬಿದ್ದ.

ನಾನು ಫಾರಂ ತೆರೆದೆ. ಸುಸ್ತು ಶುರುವಾಗಿದ್ದು ಯಾವಾಗ? ಶಾಲೆಗೆ ರಜೆ ಕೊಟ್ಟ ವಾರ, ಗಿರಾಕಿ ಕಡಿಮೆಯಾಗಿತ್ತು, ಅದಕ್ಕೇ ನೆನಪಿದೆ ಎಂದ. ಅಂದರೆ ಮೇ ಹದಿನೇಳರ ಆಸುಪಾಸು. ವರುಣ್ ಬಿದ್ದ ಮೇಲೆ. ನನ್ನ ಮಗಳಿಗಿಂತ ಒಂದು ದಿನ ಮುಂಚೆ. ಅವನೂ ನಮ್ಮ ಹುಡುಗರ ಸಾಲಿನಲ್ಲೇ, ಅದೇ ವಾರದಲ್ಲೇ ಬಿದ್ದವನು. ಇನ್ನು ಕೊನೆಯ ಪ್ರಶ್ನೆ ಉಳಿದಿತ್ತು.

"ರಾಮನವಮಿ ದಿನ ಎಲ್ಲಿದ್ದೆ ಬಿಸೇಸರ್?"

"ಗೇಟಲ್ಲೇ ಇದ್ದೆ ಮೇಡಂಜೀ. ಒಳಗೆ ನಿಮ್ಮ ಪೂಜೆ ಇತ್ತಲ್ಲ." ಅವನ ಮುಖ ಸ್ವಲ್ಪ ಅರಳಿತು. "ಸಿಂಧೂ ಬಿಟಿಯಾ ಓಡಿ ಬಂದು ಕೊಟ್ಟಳು. ಬೆಲ್ಲದ ಶರ್ಬತ್, ಬರ್ಫ್ ಹಾಕಿದ್ದು. ಎರಡು ಗ್ಲಾಸ್ ಕುಡಿದೆ. ಬಹುತ್ ಬಢಿಯಾ ಥಾ. ಇನ್ನೊಂದು ಕೇಳೋಕೆ ನಾಚಿಕೆ ಆಯ್ತು."

ಐಸ್ ಹಾಕಿದ್ದು, ಎರಡು ಗ್ಲಾಸ್ ಎಂದು ಬರೆದುಕೊಂಡೆ. ನಾನು ಅವನಲ್ಲಿಗೆ ಬಂದದ್ದು ನನ್ನನ್ನು ಉಳಿಸಿಕೊಳ್ಳಲು. ಅವನು ಹದಿಮೂರನೆಯವನಾಗಿದ್ದ.

"ನಿನ್ನಿಂದ ಬಂದಿದ್ದಲ್ಲ," ಎಂದೆ. "ಆ ಶರ್ಬತ್ತಿನಿಂದ ಬಂದಿದ್ದು. ಐಸ್ ಕೆಟ್ಟದಿತ್ತು. ಮಕ್ಕಳಿಗೂ ಅದರಿಂದಲೇ, ನಿನಗೂ ಅದರಿಂದಲೇ. ಅದನ್ನ ಮಾಡಿದ್ದು ನಾನು."

ಅವನು ಅರ್ಥವಾಗದವನಂತೆ ನೋಡಿದ. ಬಾಗಿಲಲ್ಲಿ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ನಾನು ಇನ್ನೊಮ್ಮೆ ಹೇಳಿದೆ, ಪಾತ್ರೆ, ಐಸ್, ದಿನಾಂಕ, ಎಲ್ಲ. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದೆ. ಅವನು ಕೇಳಿದ್ದು ಒಂದೇ ಮಾತು.

"ನನ್ನ ಕೈಯಿಂದಲ್ಲ? ಪಕ್ಕಾ?"

ನಮ್ಮ ಕೆಲಸದಲ್ಲಿ ಪಕ್ಕಾ ಎಂಬ ಮಾತಿಲ್ಲ. ಕಂಡುಬರುತ್ತದೆ, ಸಾಧ್ಯತೆ ಹೆಚ್ಚು, ಇಂತಿಷ್ಟು ದೋಷವಿರಬಹುದು ಎಂದು ಬರೆಯುತ್ತೇವೆ. ಅವನನ್ನು ಓಡಿಸಿದ ಹಾಳೆಯಲ್ಲಿ ಅಂಥದ್ದೊಂದು ಮಾತೂ ಬರೆಯದೆ ಸಹಿ ಹಾಕಿದ್ದೆ. ಈಗ ಹದಿಮೂರು ಸಾಲುಗಳನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಓಡಿಸಿ ನೋಡಿದೆ.

"ಪಕ್ಕಾ," ಎಂದೆ. "ಡಾಕ್ಟರೂ ಹೇಳಿದಾರೆ, ಇದು ಕೈಯಿಂದ ಕೈಗೆ ಹರಡೋದೇ ಕಡಿಮೆ. ಇಷ್ಟು ದಿನವಾದ ಮೇಲೆ ಬೇರೆ ತಟ್ಟೆ ಬೇಡ."

ಅವನು ಹಿಂದೆ ಕಟ್ಟಿದ್ದ ಕೈ ಬಿಚ್ಚಿದ. ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಎರಡೂ ಕೈ ಚಾಚಿ ಮಗಳನ್ನು ಕರೆದ, "ಆ ಜಾ ಮುನ್ನೀ."

ಮಗು ಬರಲಿಲ್ಲ. ಎರಡು ವಾರದಿಂದ ಅದಕ್ಕೆ ಅಪ್ಪನ ಹತ್ತಿರ ಹೋಗಬೇಡ ಎಂದು ಹೇಳಿಕೊಟ್ಟಿದ್ದರು. ತಾಯಿಯ ಸೆರಗು ಹಿಡಿದುಕೊಂಡು ಅವಳ ಮುಖ ನೋಡಿತು. ತಾಯಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ನಾನು ಹೋಗಿ ಮಂಚದ ಮೇಲೆ ಅವನ ಪಕ್ಕದಲ್ಲಿ ಕೂತೆ. ಅಲ್ಲಿದ್ದ ಅವನ ಲೋಟಕ್ಕೆ ಮಡಕೆಯಿಂದ ನೀರು ಹಾಕು ಎಂದೆ. ಅವನು ಹಿಂದೆ ಮುಂದೆ ನೋಡಿ ಹಾಕಿದ. ಕುದಿಸಿದ ನೀರೋ ಅಲ್ಲವೋ ಕೇಳಲಿಲ್ಲ. ಆ ಮಗು ನೋಡುತ್ತಿರುವಾಗ ಪೂರ್ತಿ ಕುಡಿದೆ.